ನೆವಿಲ್ ತುಂಬಿದ ತೋಟಾಗಳು

ಕೊಲಿನ್ ಟ್ವೀಡಿ ಬಾಯಿ ಮುಚ್ಚಿಕೊಂಡಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ನೆವಿಲ್ ಹಾರ್ಗ್ರೇವ್‌ನ ಶವಸಂಸ್ಕಾರ ಮುಗಿದು ಎಲ್ಲರೂ ಸ್ಯಾಂಡ್‌ವಿಚ್ ತಿನ್ನುತ್ತ ನಿಂತಿದ್ದರು. ಅವನ ಹೆಂಡತಿ ಮೆರಿಲ್ ಕಣ್ಣೊರೆಸಿಕೊಂಡು, "ಸಾವಿರ ಗಜದಿಂದ ಹತ್ತಕ್ಕೆ ಹತ್ತು ಗುಂಡೂ ಗುರಿಯ ನಟ್ಟನಡುವೆ ಹೊಡೀಬೇಕು ಅಂತ ಸಾಯೋವರೆಗೂ ಹಂಬಲಿಸಿದ. ಒಂಬತ್ತು ದಾಟಲೇ ಇಲ್ಲ" ಎಂದಳು.

ರೈಫಲ್ ಕ್ಲಬ್ಬಿನ ಕ್ಯಾಪ್ಟನ್ ಕೊಲಿನ್ ಬಾಯಲ್ಲಿದ್ದ ತುತ್ತು ನುಂಗಿದ. "ಅದಕ್ಕೇನಂತೆ? ಅವನನ್ನು ಸುಟ್ಟ ಬೂದಿ ಇದೆಯಲ್ಲ! ಗುಂಡಿನ ಮೂತಿಗೆ ತುಂಬಿಸಿ ಹಾರಿಸೋಣ. ತೋಟಾ ಕಟ್ಟೋಕೆ ನಮ್ಮ ಲೆನ್ ಇದ್ದಾನೆ."

ಲೆನ್ ಪ್ರಿಚರ್ಡ್ ಆಗ ಕಕ್ಕಸಿನಲ್ಲಿದ್ದ. ಹೊರಗೆ ಬರುವಷ್ಟರಲ್ಲಿ ಎಲ್ಲ ನಿಶ್ಚಯವಾಗಿತ್ತು.

ತೋಟಾ ಕಟ್ಟುವುದರಲ್ಲಿ ಲೆನ್‌ನನ್ನು ಮೀರಿಸುವವರು ಆ ಸೀಮೆಯಲ್ಲೇ ಇರಲಿಲ್ಲ. ಹಳೆಯ ಹಿತ್ತಾಳೆ ಚಿಪ್ಪು ತೊಳೆದು, ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗುವಾಗ ಫ್ಯಾನ್ ಆರಿಸಿ ಉಸಿರನ್ನೂ ಬಿಗಿಹಿಡಿಯುತ್ತಿದ್ದ. ಆದರೆ ಗುರಿಯಿಡಲು ನೆಲದ ಮೇಲೆ ಮಲಗಿದನೋ, ಬೆನ್ನ ಹಿಂದೆ ನೆವಿಲ್‌ನ ದನಿ ಏಳುತ್ತಿತ್ತು: "ತೂಗೋದು ನೋಡಿದ್ರೆ ಅಕ್ಕಸಾಲಿ, ಹೊಡೆಯೋದು ನೋಡಿದ್ರೆ ಕುರುಡ!" ಜನ ನಗುತ್ತಿದ್ದರು. ಲೆನ್‌ನ ಬೆರಳು ನಡುಗುತ್ತಿತ್ತು. ವರ್ಷಗಟ್ಟಲೆ ಇದೇ ಪಾಡು. ನೆವಿಲ್ ಸತ್ತ ಸುದ್ದಿ ಕೇಳಿದಾಗ ಲೆನ್‌ಗೆ ಮೊದಲು ಹಾಯೆನಿಸಿತ್ತು. ಆಮೇಲೆ ಹಾಗೆನಿಸಿದ್ದಕ್ಕೆ ನಾಚಿಕೆಯಾಗಿತ್ತು.

ಶನಿವಾರ ಬೆಳಿಗ್ಗೆ ಮೆರಿಲ್ ಒಂದು ಪುಟ್ಟ ಜಾಮ್ ಬಾಟಲಿ ತಂದು ಅವನ ಕೈಗಿಟ್ಟಳು.

"ಉಳಿದದ್ದೆಲ್ಲ ನದಿಗೆ ಬಿಟ್ಟೆ ಲೆನ್. ಇನ್ನು ಇಷ್ಟೇ ಅವನು. ಜೋಪಾನ. ಮಧ್ಯಾಹ್ನ ಕ್ಲಬ್ಬಿನ ಮೈದಾನಕ್ಕೆ ಪಾದ್ರೀನೂ ಬರ್ತಾರೆ."

ಬೂದಿ ತುಂಬಿದ ಗುಂಡು ನೆಟ್ಟಗೆ ಹಾರೀತೇ ಎಂಬುದೇ ಲೆನ್‌ನ ಚಿಂತೆ. ಮೂತಿಯ ಸಣ್ಣ ತೂತಿನಲ್ಲಿ ಸೂಜಿಯಿಂದ ಬೂದಿ ತುಂಬಿ, ಮೇಣ ಮೆತ್ತಿ, ಮೂರು ತೋಟಾ ಕಟ್ಟಿಕೊಂಡು ಹಿಂದಿನ ಹೊಲಕ್ಕೆ ಹೋದ. ಮೊದಲನೆಯದು ಗುರಿಹಲಗೆಯ ಮೂಲೆ ಹಾರಿಸಿತು. ಎರಡನೆಯದು ಎಲ್ಲಿ ಹೋಯಿತೋ ದೇವರೇ ಬಲ್ಲ. ಮೂರನೆಯದು ಮದುವೆಮನೆಯ ಕುಡುಕನಂತೆ ತೂರಾಡುತ್ತ ಬೇಲಿ ದಾಟಿತು. ದೂರದಲ್ಲಿ "ಠಂಗ್" ಎಂದಿತು.

ಸ್ವಲ್ಪ ಹೊತ್ತಿಗೆ ಪಕ್ಕದ ಫಾರ್ಮಿನ ಡಾಟ್ ಕೆಲಹರ್ ಒದ್ದೆ ತೋಳಿನಲ್ಲಿ ಅವನ ಶೆಡ್ಡಿಗೆ ನುಗ್ಗಿದಳು.

"ನನ್ನ ನೀರಿನ ಟ್ಯಾಂಕಿಗೆ ತೂತು ಬಿದ್ದಿದೆ! ಯಾರದೋ ಗುಂಡು ಅದು?"

ಲೆನ್‌ಗೆ ನಿಜ ಹೇಳಲೂ ಆಗಲಿಲ್ಲ, ಸುಳ್ಳು ಹೇಳಲೂ ಆಗಲಿಲ್ಲ. "ನೆವಿಲ್..." ಎಂದು ತೊದಲಿದ.

"ಸತ್ತವನ ಮೇಲೆ ಯಾಕಪ್ಪಾ ಹೊರಿಸ್ತೀಯ? ಅಬ್ಬಾ, ಇದೇನು ಸೆಕೆ ಇಲ್ಲಿ!" ಎನ್ನುತ್ತ ಡಾಟ್ ಫ್ಯಾನಿನ ಗುಂಡಿ ಒತ್ತಿಯೇಬಿಟ್ಟಳು.

ಬಾಟಲಿಯ ಬೂದಿಯನ್ನೆಲ್ಲ ಲೆನ್ ಮೇಜಿನ ಮೇಲೆ ಬಸಿಯಲ್ಲಿ ಸುರಿದಿಟ್ಟಿದ್ದ. ಲೆನ್ ಹಾರಿ ಗುಂಡಿ ಆರಿಸುವಷ್ಟರಲ್ಲಿ ನೆವಿಲ್ ಶೆಡ್ಡಿನ ತುಂಬ ಹರಡಿದ್ದ. ಮೇಜಿನ ಮೇಲೆ, ತಕ್ಕಡಿಯ ಮೇಲೆ, ಲೆನ್‌ನ ಹುಬ್ಬಿನ ಮೇಲೆ.

"ಎಷ್ಟು ಧೂಳು ಇಟ್ಕೊಂಡಿದೀಯ ಮಾರಾಯ" ಎಂದು ಡಾಟ್ ಒದ್ದೆ ಬಟ್ಟೆಯಲ್ಲಿ ಮೇಜನ್ನು ಚೊಕ್ಕವಾಗಿ ಒರೆಸಿ, ಬಟ್ಟೆಯನ್ನು ಬಾಗಿಲಾಚೆ ಕೊಡವಿದಳು. "ನಡಿ, ಟ್ಯಾಂಕ್ ಸರಿಮಾಡು. ಮಧ್ಯಾಹ್ನದ ಟೀಗೆ ಅದೇ ನೀರು ಒಯ್ಯಬೇಕು ನಾನು."

ಟ್ಯಾಂಕಿನ ಮುಂದೆ ನಿಂತಾಗ ಲೆನ್‌ನ ಕೈ ತಾನಾಗಿ ಮೇಲೆ ಹೋಗಿ ಹ್ಯಾಟು ತೆಗೆಯಿತು.

"ಟ್ಯಾಂಕಿಗೆ ಯಾಕೋ ಹ್ಯಾಟ್ ತೆಗೀತೀಯ?"

"ಸೆಕೆ" ಎಂದ ಲೆನ್. ರಬ್ಬರ್ ತುಂಡಿಟ್ಟು ಸ್ಕ್ರೂ ಬಿಗಿದು, ತೂತು ಮುಚ್ಚಿ ಮನೆಗೆ ಬಂದ. ಜಾಮ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ಏನೂ ಉಳಿದಿರಲಿಲ್ಲ. ಮೆರಿಲ್‌ಗೆ ಏನೆಂದು ಹೇಳುವುದು? ನಿನ್ನ ಗಂಡನ ಮೇಲೆ ಫ್ಯಾನ್ ಬಿಟ್ಟೆವೆಂದೇ? ಅವನು ಹತ್ತು ಮಾಮೂಲಿ ತೋಟಾ ಕಟ್ಟಿ, ಮೂತಿಗಳಿಗೆ ಬರೀ ಮೇಣ ಮೆತ್ತಿದ.

ಮಧ್ಯಾಹ್ನ ಮೈದಾನದಲ್ಲಿ ಊರೇ ನೆರೆದಿತ್ತು. ಪಾದ್ರಿ ಪ್ರಾರ್ಥಿಸಿದರು. ಎಲ್ಲರೂ ಟೀ ಕುಡಿದರು. ಡಾಟ್ ಎಷ್ಟು ಒತ್ತಾಯಿಸಿದರೂ ಲೆನ್ ಮುಟ್ಟಲಿಲ್ಲ.

"ಹೊಡಿ ಲೆನ್" ಎಂದಳು ಮೆರಿಲ್. "ನನ್ನ ಕೈ ನಡುಗುತ್ತೆ."

ಲೆನ್ ಮಲಗಿ ರೈಫಲ್ಲನ್ನು ಕೆನ್ನೆಗಾನಿಸಿಕೊಂಡ. ಗಾಳಿಯ ದಿಕ್ಕು ತೋರುವ ಬಾವುಟಗಳು ಜೋತುಬಿದ್ದಿದ್ದವು. ಅಭ್ಯಾಸಬಲದಿಂದ ಅವನು ಬೆನ್ನ ಹಿಂದಿನ ದನಿಗಾಗಿ ಕಾದ. ಯಾರೂ ಮಾತಾಡಲಿಲ್ಲ. ಬೆರಳು ನಡುಗಲಿಲ್ಲ.

ಗುಂಡು ಹಾರಿತು. ದೂರದ ಹಲಗೆ ಕೆಳಗಿಳಿದು, ಗುಂಡು ತಾಗಿದಲ್ಲಿ ಗುರುತಿನ ಬಿಲ್ಲೆ ಸಿಕ್ಕಿಸಿಕೊಂಡು ಮತ್ತೆ ಮೇಲೆದ್ದಿತು. ಬಿಲ್ಲೆ ನಟ್ಟನಡುವೆ. ಎರಡನೆಯದೂ ಅಲ್ಲೇ. ಐದಾದಾಗ ಜನ ಕತ್ತು ಚಾಚಿ ನೋಡತೊಡಗಿದರು. ಒಂಬತ್ತಾದಾಗ ಮೆರಿಲ್ ಪಾದ್ರಿಯ ತೋಳು ಹಿಡಿದುಕೊಂಡಳು. ಹತ್ತನೆಯದರ ಬಿಲ್ಲೆಯೂ ನಡುವಿನಲ್ಲೇ ಕಂಡಾಗ ಮೈದಾನವೆಲ್ಲ ಕೂಗಿತು.

ಲೆನ್‌ನ ಕಣ್ಣು ಮಂಜಾಯಿತು. ಇಡೀ ಜನ್ಮದಲ್ಲಿ ಮೊದಲ ಸಲ! ಎದ್ದು, ಮೊಣಕಾಲಿನ ಮಣ್ಣು ಕೊಡವಿ, ನಗುತ್ತ ತಿರುಗಿದ.

"ನೆವಿಲ್! ನೆವಿಲ್!" ಎಂದು ಜನ ಕೂಗುತ್ತಿದ್ದರು.

ಮೆರಿಲ್ ಲೆನ್‌ನನ್ನು ತಬ್ಬಿಕೊಂಡು ಬಿಕ್ಕಿದಳು. "ಸತ್ತ ಮೇಲಾದ್ರೂ ಹೊಡೆದ ನೋಡು ನನ್ನ ಗಂಡ!"

ಕೊಲಿನ್ ಆಗಲೇ ಗೌರವ ಫಲಕದ ಕೆಳಗೆ ಏಣಿ ಹಾಕಿಸಿದ್ದ. ಕ್ಲಬ್ಬಿನ ಇತಿಹಾಸದಲ್ಲೇ ಸಾವಿರ ಗಜದಿಂದ ಮೊದಲ ಹತ್ತಕ್ಕೆ ಹತ್ತು. ಚಿನ್ನದ ಬಣ್ಣದಲ್ಲಿ ಹೆಸರು ಬರೆಯಬೇಕು.

"ಕೊಲಿನ್, ಹೊಡೆದದ್ದು ನಾನಲ್ವಾ..." ಎಂದ ಲೆನ್.

"ರೈಫಲ್ಲಿನ ಕುದುರೆ ಎಳೆದೆ, ಸರಿ. ಆದರೆ ನೀನು ಇಷ್ಟು ವರ್ಷದಿಂದ ಎಳೀತಾನೇ ಇದೀಯಲ್ಲ. ಯಾವತ್ತಾದ್ರೂ ಹತ್ತು ಬಿದ್ದಿತ್ತಾ? ಇವತ್ತೇ ಯಾಕೆ ಬಿತ್ತು, ನೀನೇ ಹೇಳು."

ಯಾಕೆ ಬಿತ್ತೆಂಬುದು ಲೆನ್‌ಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ಬಾಯಿ ತೆರೆದ. ಆಚೆ ಮೆರಿಲ್ ಖಾಲಿ ಹಿತ್ತಾಳೆ ಚಿಪ್ಪುಗಳನ್ನು ಹೆಕ್ಕಿ, ಒಂದೊಂದಕ್ಕೂ ಮುತ್ತಿಟ್ಟು ಕೈಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಲೆನ್ ಬಾಯಿ ಮುಚ್ಚಿಕೊಂಡ.

"ಏಣಿ ಅಲ್ಲಾಡ್ತಿದೆ, ಸ್ವಲ್ಪ ಗಟ್ಟಿಯಾಗಿ ಹಿಡ್ಕೋ" ಎಂದ ಕೊಲಿನ್. ನೆವಿಲ್‌ನ ಹೆಸರಿನ ಮೊದಲ ಅಕ್ಷರ ಬರೆದವನು ಕುಂಚ ತಡೆದು, ಅತ್ತಿತ್ತ ನೋಡಿ, ಕೆಳಗೆ ಬಗ್ಗಿ ಪಿಸುಗುಟ್ಟಿದ:

"ಲೆನ್, ಮುಂದಿನ ವಾರ ಪಂದ್ಯ ಇದೆ. ನನ್ನ ಗುಂಡಿಗೂ ಒಂದು ಚಿಟಿಕೆ... ನೆವಿಲ್ ಇನ್ನೂ ಸ್ವಲ್ಪ ಉಳಿದಿದ್ದಾನಾ?"