ಕನ್ನಡದಲ್ಲಿ ಜೀವ ಹುಟ್ಟಿದ ಭಾನುವಾರ

ಹೆಂಡತಿ ಉಪನ್ಯಾಸಕಿಯಾದರೆ ಗಂಡನಾದವನು ಎಂದೂ ಪಾಸಾಗದ ವಿದ್ಯಾರ್ಥಿ. ಕಾಲೇಜಿನ ಮಕ್ಕಳಾದರೆ ಹೇಗೋ ಮೂರು ವರ್ಷ ಸಹಿಸಿಕೊಂಡು, ಮಾರ್ಕ್ಸ್ ಕಾರ್ಡ್ ಹಿಡಿದು ಓಡಿಹೋಗುತ್ತಾರೆ. ನನಗೆ ಆ ಭಾಗ್ಯವಿಲ್ಲ. ಅವಳಾದರೂ ಟಿ.ಸಿ. ಕೊಟ್ಟು ಕಳಿಸೋಣವೆಂದರೆ ಹೊರಮಾವಿನ ಫ್ಲ್ಯಾಟು ಇಬ್ಬರ ಹೆಸರಿನಲ್ಲೂ ಇದೆ. ಹಾಗಂತ ದೂರುತ್ತಿದ್ದೇನೆ ಎಂದುಕೊಳ್ಳಬೇಡಿ. ವಿಮಾ ಕಚೇರಿಯಲ್ಲಿ ದಿನವಿಡೀ ಜನ ಸತ್ತಮೇಲಿನ ವ್ಯವಹಾರ ನೋಡುವ ನನಗೆ, ಮನೆಗೆ ಬಂದರೆ ಜೀವ ಹುಟ್ಟಿದ ಕಥೆ ಹೇಳುವವಳು ಸಿಕ್ಕಿದ್ದು ಪುಣ್ಯವೇ. ಫಜೀತಿ ಶುರುವಾದದ್ದು ಆ ಕಥೆಯನ್ನು ಅವಳು ಕನ್ನಡದಲ್ಲಿ ಹೇಳಬೇಕಾಗಿ ಬಂದಾಗ.

ನನ್ನ ಹೆಂಡತಿ ಸುಧಾ ಕೆಮಿಸ್ಟ್ರಿ ಪಾಠ ಮಾಡುತ್ತಾಳೆ. ಅವಳ ಸಹೋದ್ಯೋಗಿ ಶಬಾನಾ ಅವರ ಮನೆ ಫ್ರೇಜರ್ ಟೌನಿನಲ್ಲಿ. ಶಬಾನಾ ಅವರ ತಾಯಿ, ಎಲ್ಲರ ಬಾಯಲ್ಲೂ ಅಮ್ಮಿ, ಭಾನುವಾರಗಳಲ್ಲಿ ಬೀದಿಯ ಹೆಂಗಸರನ್ನೆಲ್ಲ ತಮ್ಮ ಮನೆಯ ತಾರಸಿ ಮೇಲೆ ಸೇರಿಸುತ್ತಾರೆ. ಒಂದು ವಾರ ಕಣ್ಣಿನ ಡಾಕ್ಟರು, ಇನ್ನೊಂದು ವಾರ ಕಸೂತಿಯವರು ಬಂದು ಮಾತಾಡಬೇಕು, ಆಮೇಲೆ ಸಮೋಸ. ಈ ಸಲ ಅಮ್ಮಿ ಸುಧಾಳನ್ನು ಹಿಡಿದರು. "ದುನಿಯಾದಲ್ಲಿ ಜಾನ್, ಅದೇ ಜೀವ, ಹೆಂಗೆ ಬಂತು, ಅದು ಹೇಳಮ್ಮ. ಇಂಗ್ಲಿಷ್ ಬೇಡ. ಉರ್ದು ಎದುರು ಮನೆ ಸ್ಟೆಲ್ಲಾಗೆ ಬರಲ್ಲ, ತಮಿಳು ನಂಗೆ ಬರಲ್ಲ. ಕನ್ನಡ ಎಲ್ಲರಿಗೂ ಸ್ವಲ್ಪ ಸ್ವಲ್ಪ ಬರುತ್ತೆ."

ಹೂಂ ಎಂದು ಬಂದವಳು ಮನೆಯಲ್ಲಿ ತಲೆಮೇಲೆ ಕೈಹೊತ್ತು ಕೂತಳು. ಇಷ್ಟು ವರ್ಷ ಪಾಠ ಮಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ತರಕಾರಿಯವನ ಹತ್ತಿರ ಜಗಳಕ್ಕೆ ಇಳಿದರೆ ಅವಳ ಕನ್ನಡಕ್ಕೆ ಸಾಟಿಯಿಲ್ಲ. ಆದರೆ 'ಮಾಲಿಕ್ಯೂಲ್' ಅಂದ ತಕ್ಷಣ ಅವಳ ವಾಕ್ಯದಲ್ಲಿ ಕನ್ನಡ ಅಂತ ಉಳಿಯುವುದು ಕೊನೆಯ 'ಆಗುತ್ತೆ' ಒಂದೇ.

"ಆಗಲ್ಲ ಅಂತ ಹೇಳಿಬಿಡು, ಅದರಲ್ಲೇನು?" ಅಂದೆ.

"ಇಲ್ಲ ರೀ," ಅಂದಳು ಮೆಲ್ಲಗೆ. "ಅತ್ತೆ ಎಷ್ಟು ಸಲ ಕೇಳ್ತಿದ್ರು ಗೊತ್ತಾ, ಕಾಲೇಜಲ್ಲಿ ನೀನು ಏನಮ್ಮ ಹೇಳ್ಕೊಡೋದು ಅಂತ. ಕೆಮಿಸ್ಟ್ರಿ ಅತ್ತೆ, ಅಂತ ಹೇಳಿ ಒಳಗೆ ಹೋಗಿಬಿಡ್ತಿದ್ದೆ. ಪಾಪ, ಹಾಗೇ ಹೋಗಿಬಿಟ್ರು. ಅಲ್ಲಿ ಕೂತ್ಕೊಳ್ಳೋರೆಲ್ಲ ಅವರ ಥರದವರೇ. ಈ ಸಲ ಹೇಳ್ಲೇಬೇಕು."

ನನ್ನ ತಾಯಿಯ ಹೆಸರು ಬಂದಮೇಲೆ ನಾನು ಏನು ಮಾತಾಡಲಿ? ಅಂದಿನಿಂದ ನಾನೇ ಅಭ್ಯಾಸದ ಸಭಿಕನಾದೆ. "ನಿಮಗೆ ಅರ್ಥವಾದ್ರೆ ಯಾರಿಗೆ ಬೇಕಾದ್ರೂ ಅರ್ಥವಾಗುತ್ತೆ" ಎಂಬುದು ಅವಳು ನನ್ನ ಬುದ್ಧಿಗೆ ಕೊಟ್ಟ ಗೌರವ. ತಟ್ಟೆಗೆ ಸಾರು ಬಡಿಸಿ, ಕಲಸುವಷ್ಟರಲ್ಲಿ ಕೈ ತಡೆಯುವಳು. "ನೋಡಿ, ಈ ಎಣ್ಣೆ ನೀರಲ್ಲಿ ಕರಗದೆ ಹೇಗೆ ಬೇರೆಯಾಗಿ ಗುಂಡಗೆ ನಿಂತಿದೆ! ಎಣ್ಣೆಯ ಸಂಬಂಧಿಗಳಾದ ಕೆಲವು ಅಣುಗಳಿವೆ, ಸೋಪಿನ ಥರದವು. ಅವು ನೀರಲ್ಲಿ ತಾವಾಗೇ ಸೇರ್ಕೊಂಡು ಪುಟ್ಟ ಚೀಲ ಆಗ್ತವೆ. ಮೊದಲನೇ ಜೀವಕೋಶದ ಗೋಡೆ ಹಾಗೇ ಆಗಿರಬಹುದು." ನಾನು ಗೋಡೆ ನೋಡುತ್ತ ಕೂರುತ್ತಿದ್ದೆ. ಸಾರು ಆರಿಹೋಗುತ್ತಿತ್ತು. ಹಳೆಯ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಇರಲೇ ಇಲ್ಲವೆನ್ನಬಹುದು, ಸಿಡಿಲು ಬಡಿಯುತ್ತಿತ್ತು, ಜ್ವಾಲಾಮುಖಿ ಉಗುಳುತ್ತಿತ್ತು, ಇಂಥ ಗದ್ದಲದಲ್ಲೇ ಅಮೈನೋ ಆಮ್ಲ ಎಂಬ ಜೀವದ ಇಟ್ಟಿಗೆಗಳು ತಯಾರಾದವು ಎಂಬಲ್ಲಿಗೆ ಬರುವಾಗ ನನಗೆ ತೂಕಡಿಕೆ. ಅವಳ ಕನ್ನಡ ಮಾತ್ರ ಚೆನ್ನಾಗಿಯೇ ಪಳಗುತ್ತಿತ್ತು. ಬರಬರುತ್ತ ತಟ್ಟೆಯ ಮುಂದಿನ ಲೋಟಕ್ಕೂ 'ಜಲಪಾತ್ರೆ' ಎನ್ನತೊಡಗಿದಳು.

ಆ ಭಾನುವಾರ ಬಂತು. ತಾರಸಿಯ ತುಂಬ ಪ್ಲಾಸ್ಟಿಕ್ ಕುರ್ಚಿ. ಗಂಡಸು ನಾನೊಬ್ಬನೇ, ಚಾರ್ಟು ಹಿಡಿದು ನಿಲ್ಲುವುದು ನನ್ನ ಹುದ್ದೆ. ಸುಧಾ ಗಂಟಲು ಸರಿಮಾಡಿಕೊಂಡು "ಎಲ್ಲರಿಗೂ ನಮಸ್ಕಾರ" ಅಂದಳೋ ಇಲ್ಲವೋ, ಧಪಧಪ ಮಳೆ ಸುರಿಯಿತು. ಕುರ್ಚಿ, ಸಮೋಸದ ತಟ್ಟೆ, ಮೊಣಕಾಲು ನೋವಿನ ಸ್ಟೆಲ್ಲಾ ಆಂಟಿ ಎಲ್ಲರನ್ನೂ ಇಳಿಸಿಕೊಂಡು ಕೆಳಗಿನ ಪುಟ್ಟ ಹಾಲಿಗೆ ಬಂದದ್ದಾಯಿತು. ಚಾರ್ಟಿನ ಬಣ್ಣವೆಲ್ಲ ನನ್ನ ಬಿಳಿ ಷರಟಿಗೆ ಇಳಿದಿತ್ತು. ಜ್ವಾಲಾಮುಖಿ ಸರಿಯಾಗಿ ಹೊಟ್ಟೆಯ ಮೇಲೆ. ಒಬ್ಬರ ಮೈಗೆ ಒಬ್ಬರು ಒತ್ತಿಕೊಂಡು ಕೂತರು. ಎಲ್ಲರೂ ಸುಧಾಳನ್ನೇ ನೋಡುತ್ತಿದ್ದರು. ಸುಧಾ ಖಾಲಿ ಚಾರ್ಟನ್ನು ನೋಡಿದಳು. "ಭೂಮಿ... ಅದು... ಅರ್ಲಿ ಅಟ್ಮಾಸ್ಫಿಯರ್..." ಎಂದು ನಿಂತುಬಿಟ್ಟಳು.

ಏನಾದರೂ ಮಾಡಬೇಕಲ್ಲ, ನನಗೆ ನಿಜಕ್ಕೂ ಅರ್ಥವಾಗದೇ ಉಳಿದಿದ್ದನ್ನೇ ಕೇಳಿಬಿಟ್ಟೆ. "ಸುಧಾ, ಅಷ್ಟು ದೊಡ್ಡ ಸಮುದ್ರದಲ್ಲಿ ಆ ಅಣುಗಳು ಒಂದಕ್ಕೊಂದು ಸಿಕ್ಕಿದ್ದಾದರೂ ಹೇಗೆ?"

ಅವಳು ನನ್ನತ್ತ ತಿರುಗಿದಳು. ಆಮೇಲೆ ಹಾಲಿನತ್ತ. ಮುಖ ಅರಳಿತು.

"ಅಮ್ಮಿ, ಈಗ ತಾನೇ ತಾರಸಿ ಮೇಲೆ ನೀವೆಲ್ಲ ದೂರದೂರ ಕೂತಿದ್ರಿ, ಅಲ್ವಾ? ಯಾರೂ ಯಾರ ಜೊತೇನೂ ಮಾತಾಡ್ತಿರ್ಲಿಲ್ಲ. ಇಲ್ಲಿ ಬಂದಮೇಲೆ ನೋಡಿ, ಸ್ಟೆಲ್ಲಾ ಆಂಟಿ ಪಕ್ಕದವರ ಕೈ ಹಿಡ್ಕೊಂಡು ಕೂತಿದ್ದಾರೆ. ಸಣ್ಣ ಕೊಳದಲ್ಲಿ ಬಿಸಿಲಿಗೆ ನೀರು ಆರ್ತಾ ಬಂದ್ರೆ ಅಣುಗಳಿಗೂ ಹೀಗೇ ಇಕ್ಕಟ್ಟು. ಒಂದಕ್ಕೊಂದು ಅಂಟ್ಕೊಂಡು ಸರ ಆಗ್ತವೆ. ಮತ್ತೆ ನೀರು ತುಂಬುತ್ತೆ, ಮತ್ತೆ ಆರುತ್ತೆ. ಹಾಗೆ ಎಷ್ಟು ಕಾಲವೋ!"

"ಆದರೆ ನಮ್ಮನ್ನ ಒಟ್ಟಿಗೆ ಸೇರಿಸಿದ್ದು ಮಳೆ, ಬಿಸಿಲಲ್ಲ..." ಎಂದು ಬಾಯಿಹಾಕಿದೆ.

"ರೀ, ಸ್ವಲ್ಪ ಸುಮ್ನಿರ್ತೀರಾ?"

ಹಾಲಿಗೆ ಹಾಲೇ ನಕ್ಕಿತು. ಅಲ್ಲಿಂದ ಮುಂದೆ ಅವಳನ್ನು ಹಿಡಿಯುವವರಿರಲಿಲ್ಲ. ಸಮುದ್ರದ ತಳದ ಬಿಸಿನೀರಿನ ಬುಗ್ಗೆಗಳಲ್ಲೇ ಜೀವ ಶುರುವಾಯಿತು ಎನ್ನುವವರೂ ಇದ್ದಾರೆ, ಉಲ್ಕೆಗಳಲ್ಲೂ ಆ ಇಟ್ಟಿಗೆಗಳು ಸಿಕ್ಕಿವೆ ಎಂದೆಲ್ಲ ಹೇಳಿದಳು. ಎಲ್ಲ ಮುಗಿದಮೇಲೆ ಅಮ್ಮಿ ದುಪಟ್ಟಾ ಸರಿಮಾಡಿಕೊಂಡು ಕೇಳಿದರು. "ಎಲ್ಲ ಸರಿ ಬೇಟಿ. ಮಾಡಿದ್ದು ಯಾರು, ಅದು ಹೇಳಲಿಲ್ಲ?"

ನಾನು ಬಾಗಿಲು ಎಲ್ಲಿದೆ ಎಂದು ನೋಡಿಕೊಂಡೆ.

"ಅದು ನನ್ನ ಪಾಠದಲ್ಲಿಲ್ಲ ಅಮ್ಮಿ," ಅಂದಳು ಸುಧಾ. "ಹೇಗಾಯ್ತು ಅಂತ ಹುಡುಕೋದಷ್ಟೇ ನಮ್ಮ ಕೆಲಸ. ಅದೇ ಇನ್ನೂ ಪೂರ್ತಿ ಗೊತ್ತಾಗಿಲ್ಲ. ಸುಳ್ಳು ಹೇಳಲ್ಲ."

ಅಮ್ಮಿ ಅವಳ ಗಲ್ಲ ಸವರಿದರು. "ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳೋ ಟೀಚರ್‌ನ ಇವತ್ತೇ ನೋಡಿದ್ದು" ಎಂದು ದೊಡ್ಡ ಸಮೋಸವನ್ನು ಅವಳ ತಟ್ಟೆಗೆ ಹಾಕಿದರು. ನನಗೆ ಮುರಿದದ್ದು ಸಿಕ್ಕಿತು.

ಆಟೋದಲ್ಲಿ ಬರುವಾಗ ಸುಧಾ "ಅತ್ತೆ ಇದ್ದಿದ್ರೆ ಮುಂದಿನ ಸಾಲಲ್ಲಿ ಕೂತಿರೋರು" ಅಂದಳು. ನಾನು ಅವಳ ಕೈ ಹಿಡಿದುಕೊಂಡೆ. ಟ್ರಾಫಿಕ್ ಕೂಡ ಅವತ್ತು ಅಷ್ಟೊಂದು ಕೆಟ್ಟದೆನಿಸಲಿಲ್ಲ.

ಅಪಾರ್ಟ್‌ಮೆಂಟಿನ ಲಿಫ್ಟಿನ ಮುಂದೆ ಎರಡನೇ ಮಹಡಿಯ ಮೂರ್ತಿಗಳು ಸಿಕ್ಕಿದರು. "ಏನ್ರೀ ಷರಟು ಹೀಗಾಗಿದೆ?" ಅಂದರು. ಸುಮ್ಮನೆ 'ಮಳೆ' ಎನ್ನಬಹುದಿತ್ತು. ಆದರೆ ನನ್ನೊಳಗೆ ಯಾವ ಪ್ರೊಫೆಸರು ಹೊಕ್ಕಿದ್ದನೋ, ಹೊಟ್ಟೆಯ ಜ್ವಾಲಾಮುಖಿ ತೋರಿಸಿ ಶುರುಮಾಡಿಯೇಬಿಟ್ಟೆ. ಸಿಡಿಲು, ಕೊಳ, ಚೀಲ, ಸರ ಒಂದನ್ನೂ ಬಿಡಲಿಲ್ಲ. ಮೂರ್ತಿಗಳು ಬಾಯಿ ತೆರೆದು ಕೇಳಿದರು. ಇಷ್ಟು ವರ್ಷ ಸುಧಾ ಅನುಭವಿಸುತ್ತಿದ್ದ ಸುಖ ಇದೇನಾ ಅನ್ನಿಸಿತು.

"ಅದ್ಭುತ!" ಅಂದರು ಮೂರ್ತಿಗಳು. "ಒಂದು ಸಣ್ಣ ಡೌಟು. ಆ ಮೊದಲನೇ ಜೀವ ತನ್ನ ಪಾಡಿಗೆ ಹಾಯಾಗಿತ್ತಲ್ಲ, ಅದು ಎರಡಾಗಿದ್ದು ಯಾಕೆ?"

ಗಾಂಭೀರ್ಯದಿಂದ ಹೆಂಡತಿಯ ಕಡೆ ತಿರುಗಿದೆ. ಲಿಫ್ಟಿನ ಬಾಗಿಲು ಮುಚ್ಚುತ್ತಿತ್ತು. ಒಳಗಿಂದ ಸುಧಾ, "ಹೇಳಿ ಸಾರ್, ಕನ್ನಡದಲ್ಲೇ ಹೇಳಿ" ಎಂದು ನಗುತ್ತ ಮೇಲೆ ಹೋಗಿಬಿಟ್ಟಳು.