ಒಂಬತ್ತು ಮೆಟ್ಟಿಲಿನ ವಿದೇಶಾಂಗ ನೀತಿ

ಇಪ್ಪತ್ತಾರು ವರ್ಷಗಳಿಂದ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಹೇಳುತ್ತಿದ್ದೇನೆ. ದೇಶದೇಶಗಳ ಜಗಳವನ್ನೇ ಕರಿಹಲಗೆಯ ಮೇಲೆ ಬಗೆಹರಿಸುವವನಿಗೆ ಪಕ್ಕದ ಮನೆ ಯಾವ ಲೆಕ್ಕ? ಹಾಗೆಂದುಕೊಂಡೇ ಈ ಸಲದ ದಸರೆಗೆ ಕೈಹಾಕಿದೆ.

ಬನ್ನಿಮಂಟಪದಲ್ಲಿ ನಮ್ಮ ಪಕ್ಕದ ಮನೆ ಶಿವಣ್ಣನವರದು. ನವರಾತ್ರಿಗೆ ಎರಡೂ ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಅವರದು ಐದು ಮೆಟ್ಟಿಲು, ನಮ್ಮದೂ ಐದು. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಶಕ್ತಿ ಸಮತೋಲನ ಎನ್ನುತ್ತಾರೆ. ಮೊದಲ ದಿನ ಸಂಜೆ ನನ್ನ ಹೆಂಡತಿ ವಿಮಲಾ ಮತ್ತು ಶಿವಣ್ಣನವರ ಹೆಂಡತಿ ಗಿರಿಜಮ್ಮ ಎರಡೂ ಕಡೆ ಆರತಿ ಹಾಡು ಹೇಳುತ್ತಾರೆ. ಒಂದು ಸಾಲು ಇವಳದು, ಮುಂದಿನದು ಅವರದು. ಎಷ್ಟೋ ವರ್ಷದಿಂದ ಹೀಗೇ ಹೇಳಿ ಹೇಳಿ, ಈಗ ಇಬ್ಬರಿಗೂ ಅರ್ಧರ್ಧ ಹಾಡು ಮಾತ್ರ ನೆನಪಿದೆ!

ಹಬ್ಬಕ್ಕೆ ವಾರವಿದೆ ಎನ್ನುವಾಗ ಶಿವಣ್ಣ ಆಟೋದಿಂದ ಎರಡು ಹೊಸ ಹಲಗೆ ಇಳಿಸುವುದನ್ನು ಕಂಡೆ. ಗೊಂಬೆಯ ಮೆಟ್ಟಿಲು ಯಾವಾಗಲೂ ಬೆಸಸಂಖ್ಯೆಯಲ್ಲಿರಬೇಕು. ಐದಕ್ಕೆ ಎರಡು ಸೇರಿದರೆ ಏಳು!

“ವಿಮಲಾ, ಶಿವಣ್ಣ ಏಳಕ್ಕೆ ಏರ್ತಿದಾರೆ!”

“ಅವರ ಮನೆ ಹಲಗೆ, ನಿಮಗ್ಯಾಕ್ರೀ? ಬೇಕಿದ್ರೆ ಹೋಗಿ ಕೇಳಿ.”

“ಕೇಳಬಾರದು ಕಣೇ. ವಾಸ್ತವವಾದ ಏನು ಹೇಳುತ್ತೆ? ರಾಷ್ಟ್ರಗಳ ಮೇಲೆ ದೊಡ್ಡೋರು ಅಂತ ಯಾರೂ ಇಲ್ಲ. ಇನ್ನೊಬ್ಬರ ಮನಸ್ಸನ್ನ ನಂಬೋ ಹಾಗಿಲ್ಲ. ನಮ್ಮ ಬಲ ನಾವೇ ನೋಡ್ಕೋಬೇಕು.”

“ಈ ಮನೇಲಾದ್ರೂ ಒಬ್ಬರು ದೊಡ್ಡೋರು ಇದ್ದಿದ್ರೆ ಚೆನ್ನಾಗಿತ್ತು,” ಎಂದು ಅವಳು ಒಳಗೆ ಹೋದಳು.

ಅಂದೇ ಮಂಚದ ಹಲಗೆ ಬಿಚ್ಚಿ ಏಳು ಮೆಟ್ಟಿಲು ಕಟ್ಟಿದೆ. ಕೇವಲ ಆತ್ಮರಕ್ಷಣೆಗಾಗಿ! ಮಾರನೆಯ ದಿನ ಕರಿಬೇವಿಗೆಂದು ಬಂದ ಗಿರಿಜಮ್ಮ ಅದನ್ನು ನೋಡಿದರು. “ಓಹೋ, ಏಳಾಯ್ತಾ? ಒಂದು ಮಾತೂ ಹೇಳ್ಲಿಲ್ಲ ನೋಡಿ!” ಎಂದವರೇ ಕರಿಬೇವನ್ನೂ ಮರೆತು ಹೊರಟರು. ಸಂಜೆಯ ಹೊತ್ತಿಗೆ ಅವರ ಮನೆಯಲ್ಲೂ ಏಳು.

“ನೋಡಿದ್ಯಾ? ನಾನು ಹೇಳಲಿಲ್ವಾ?” ಎಂದು ಕುಣಿದೆ. ಪುಸ್ತಕದ ಕಪಾಟನ್ನು ಬಿಚ್ಚಿ ಒಂಬತ್ತಕ್ಕೆ ಏರಿಸಿದೆ. ಜೊತೆಗೆ ಕರಿಬೇವಿನ ಮೇಲೆ ದಿಗ್ಬಂಧನ ವಿಧಿಸಿದೆ. ಅವರು ಮಲ್ಲಿಗೆ ಹೂವು ಕೊಡುವುದನ್ನು ನಿಲ್ಲಿಸಿದರು. ಒಂಬತ್ತು ಮೆಟ್ಟಿಲು ತುಂಬುವಷ್ಟು ಗೊಂಬೆ ನಮ್ಮಲ್ಲಿರಲಿಲ್ಲ. ಅಲಾರಾಂ ಗಡಿಯಾರ, ಕಾಲೇಜಿನವರು ಕೊಟ್ಟ ಸ್ಮರಣಿಕೆಗಳು, ಕೊನೆಗೆ ಇಡ್ಲಿ ಪಾತ್ರೆಯನ್ನೂ ತಂದಿಟ್ಟುಕೊಂಡೆ.

ಹಬ್ಬದ ಹಿಂದಿನ ದಿನ ಗಿರಿಜಮ್ಮ ಗೇಟಿನಲ್ಲೇ ನಿಂತು ಹೇಳಿದರು: “ವಿಮಲಮ್ಮಾ, ಈ ಸಲ ಆರತಿಗೆ ನಾನು ಬರಲ್ಲ ಕಣಮ್ಮ. ನೀವೇ ಹೇಳ್ಕೊಳ್ಳಿ.”

ವಿಮಲಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಕಣ್ಣು ಒದ್ದೆಯಾಗಿತ್ತು. ನನಗೂ ಒಳಗೊಳಗೆ ಸಂಕಟವಾಯಿತು. ಆದರೂ ಮಹಾಶಕ್ತಿಯೊಂದು ಹಿಂದೆ ಸರಿಯುವುದುಂಟೇ?

ಮೊದಲ ದಿನ ನೋಡಿದರೆ ಒಂಬತ್ತು ಮೆಟ್ಟಿಲು ಹಾಲ್‌ನ ತುಂಬ ಹರಡಿ, ಪೂಜೆಗೆ ನಿಲ್ಲಲೂ ಜಾಗವಿರಲಿಲ್ಲ. ನಾನು ಮಲಗುವ ಕೋಣೆಯೊಳಗೆ ನಿಂತು ಹಿಂದಿನಿಂದ ಎಳೆದೆ. ಬಾಗಿಲಿಗೆ ಸರಿಯಾಗಿ ಕೂತಿತು! ಪಟ್ಟದ ಗೊಂಬೆಗಳನ್ನು ಅಲ್ಲಿಂದಲೇ ಮೇಲಿನ ಮೆಟ್ಟಿಲಿಗೆ ಏರಿಸಿದೆ. ವಿಮಲಾ ಆಚೆ ನಿಂತು ದೀಪ ಹಚ್ಚಿ ಪೂಜೆ ಮಾಡಿದಳು. ಒಮ್ಮೆ ಕೂರಿಸಿದ ಗೊಂಬೆಯನ್ನು ವಿಜಯದಶಮಿಯವರೆಗೆ ಕದಲಿಸುವಂತಿಲ್ಲ. ಇದು ನನಗೂ ಗೊತ್ತಿತ್ತು. ಸ್ವಲ್ಪ ತಡವಾಗಿ ನೆನಪಾಯಿತು, ಅಷ್ಟೆ.

“ವಿಮಲಾ, ನಾನು ಹೊರಗೆ ಹೇಗೆ ಬರಲಿ?”

“ಹಬ್ಬ ಮುಗಿದ ಮೇಲೆ ಬನ್ನಿ,” ಎಂದಳು.

ಉಳಿದಿದ್ದು ಕಿಟಕಿ. ಅದರಾಚೆ ಇದ್ದದ್ದು ಶಿವಣ್ಣನವರ ಅಂಗಳ! ವೈರಿ ರಾಷ್ಟ್ರದ ನೆರವು ಕೋರದೆ ಬೇರೆ ದಾರಿಯಿರಲಿಲ್ಲ. ವಿಮಲಾ ಫೋನ್ ಮಾಡಿದಳು. ಶಿವಣ್ಣ ಸ್ಕ್ರೂಡ್ರೈವರ್ ಹಿಡಿದು ಬಂದರು. ಕಿಟಕಿಯ ಗ್ರಿಲ್ಲಿಗೆ ನಾಲ್ಕು ಸ್ಕ್ರೂ. ಮೂರು ಬಿಚ್ಚುವಷ್ಟರಲ್ಲಿ ಗಿರಿಜಮ್ಮ ಬಂದು ತಡೆದರು.

“ಇರಿ ಕಣ್ರೀ, ಅದೊಂದು ಅಂಗೇ ಇರ್ಲಿ. ಮೇಷ್ಟ್ರೇ, ಏಳು ಮೆಟ್ಲು ಯಾಕೆ ಕಟ್ಟಿದ್ರಿ?”

“ನೀವು ಹಲಗೆ ತಂದಿರಲ್ಲ, ಅದಕ್ಕೆ...”

“ಅಯ್ಯೋ ದೇವರೇ! ಅದು ಗೊಂಬೆಗೆ ತಂದಿದ್ದಲ್ಲ. ವಿಮಲಮ್ಮಂಗೆ ಮಂಡಿ ನೋವು, ನಮ್ಮ ಜಗಲಿ ಹತ್ತೋಕಾಗಲ್ಲ, ಆರತಿಗೆ ಬರೋಕೆ ಸುಲಭ ಆಗ್ಲಿ ಅಂತ ಇಳಿಜಾರಾಗಿ ಹಾಸೋಕೆ ತಂದಿದ್ದು. ನೀವು ಏಳು ಮಾಡ್ಬುಟ್ರಿ. ನಂಗೂ ರೋಷ ಬಂತು. ಅದೇ ಹಲಗೇಲಿ ನಾವೂ ಏಳು ಮಾಡ್ಬುಟ್ವಿ!”

ಒಬ್ಬ ಹೆದರಿಕೊಂಡು ಮಾಡುವ ಸಿದ್ಧತೆ ಇನ್ನೊಬ್ಬನನ್ನು ಹೆದರಿಸಿ, ಇಲ್ಲದ ವೈರವನ್ನು ಹುಟ್ಟಿಸುತ್ತದೆ. ಇದರ ಹೆಸರು ಭದ್ರತಾ ಸಂದಿಗ್ಧ. ವರ್ಷವರ್ಷವೂ ಪಾಠ ಮಾಡುತ್ತೇನೆ. ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಕೇಳುತ್ತೇನೆ! ನನ್ನ ಉತ್ತರಪತ್ರಿಕೆಗೆ ನಾನೇ ಸೊನ್ನೆ ಹಾಕಿಕೊಂಡೆ.

“ತಪ್ಪಾಯ್ತು ಗಿರಿಜಮ್ಮ. ಮೊದಲೇ ಒಂದು ಮಾತು ಕೇಳಬೇಕಿತ್ತು. ನನ್ನ ಮೇಲಿನ ಸಿಟ್ಟಿಗೆ ವಿಮಲಾನ ಹಾಡು ನಿಲ್ಲಿಸಬೇಡಿ.”

ಗಿರಿಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದರು. “ಬಿಚ್ಚಿ ಕಣ್ರೀ, ಪಾಪ.”

ಕಿಟಕಿ ದಾಟಿ ಇಳಿದೆ. ಆದರೆ ನನ್ನ ಬಟ್ಟೆಬರೆಯೆಲ್ಲ ಆ ಕೋಣೆಯೊಳಗೇ ಉಳಿಯಿತು. ಇನ್ನು ವಿಜಯದಶಮಿಯವರೆಗೆ ದಿನಾ ಬೆಳಿಗ್ಗೆ ಒಂದು ಅಂಗಿಗಾಗಿ ಪಕ್ಕದ ಮನೆಯವರ ಅಪ್ಪಣೆ ಬೇಕು. “ಬನ್ನಿ ಮೇಷ್ಟ್ರೇ, ಕಾಫಿ ಕುಡ್ಕೊಂಡು ಹತ್ತೀರಂತೆ,” ಎಂದರು ಶಿವಣ್ಣ. ಇದನ್ನೇ ಉದಾರವಾದಿಗಳು ಪರಸ್ಪರಾವಲಂಬನೆ ಎನ್ನುತ್ತಾರೆ. ಆ ಪಾಠವನ್ನು ನಾನು ಯಾವಾಗಲೂ ಗಂಟೆ ಹೊಡೆಯುವ ಹೊತ್ತಿಗೆ ಓಡಿಸಿಬಿಡುತ್ತಿದ್ದೆ.

ಸಂಜೆ ನಮ್ಮ ಮನೆಯ ಆರತಿ ಮುಗಿಯಿತು. ಮುಂದಿನದು ಅವರ ಮನೆಯಲ್ಲಿ. ವಿಮಲಾ ಜಗಲಿ ಹತ್ತಬೇಕು, ಹಾಸಬೇಕಾಗಿದ್ದ ಹಲಗೆಗಳು ಗೊಂಬೆಗಳ ಕೆಳಗಿವೆ. ನಾನೇ ಮುಂದೆ ಬಂದೆ. “ಒಂದು ಕಡೆ ನಾನು, ಇನ್ನೊಂದು ಕಡೆ ಶಿವಣ್ಣ. ಎರಡು ಶಕ್ತಿಗಳು ಸಮವಾಗಿ ನಿಂತರೆ ನೀನು ಬೀಳೋ ಮಾತೇ ಇಲ್ಲ!”

ವಿಮಲಾ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ನೀವು ದೂರ ನಿಂತ್ರೆ ಬೀಳೋ ಮಾತೇ ಇಲ್ಲ,” ಎಂದು ಗಿರಿಜಮ್ಮನ ಭುಜ ಹಿಡಿದು ಸಲೀಸಾಗಿ ಹತ್ತಿದಳು. ಒಳಗೆ ಹಾಡು ಶುರುವಾಯಿತು. ನಾನು ದೂರ ನಿಂತೇ ಕೇಳಿದೆ. ವಿಶ್ವಶಾಂತಿಗೆ ನನ್ನಿಂದಾಗುವ ಸೇವೆ ಅಷ್ಟೇ ಇರಬೇಕು!