ನಾಯಿ ತಟ್ಟೆಯ ಸುತ್ತ ಸುಳಿದ ದೆವ್ವಗಳು

ದನದ ಆಸ್ಪತ್ರೆಯ ಕಾಂಪೌಂಡರ್ ಹತ್ತಿರ ಜನ ಹಸುವಿನ ಕೆಚ್ಚಲು, ಎತ್ತಿನ ಕಾಲು ಇಂಥವನ್ನು ತರಬೇಕು. ನನ್ನ ಹತ್ತಿರ ದೆವ್ವಗಳನ್ನು ತರುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಅಂತ ವರ್ಗವಾದ ಕಡೆಯೆಲ್ಲ ಇದೇ ಕಥೆ. ಯಾರಾದರೂ ಬಾಗಿಲಲ್ಲಿ ನಿಂತು, ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ, "ನಮ್ಮ ನಾಯಿ ಯಾಕೋ..." ಎಂದು ಅಲ್ಲಿಗೇ ನಿಲ್ಲಿಸಿದರೆ ಸಾಕು, ನನ್ನ ತೋಳಿನ ಕೂದಲು ನೆಟ್ಟಗಾಗುತ್ತಿತ್ತು. ನಾಯಿಗೆ ಏನು ಹಾಕಬಹುದು, ಏನು ಹಾಕಬಾರದು ಎಂದು ಎರಡು ಮಾತು ಹೇಳಿ ಬಂದರಾಯಿತು ಅಂತ ಸೈಕಲ್ ಹತ್ತುತ್ತಿದ್ದೆ. ಅಷ್ಟಕ್ಕೇ ಮುಗಿದದ್ದು ಒಂದು ಸಲವೂ ನೆನಪಿಲ್ಲ.

ಕಣ್ಣೀರಿನ ಮನೆ

ಹನಕೆರೆ ಹತ್ತಿರದ ಒಂದು ರೈತರ ಮನೆ. ನಾನು ಹೋದಾಗ ಮಟಮಟ ಮಧ್ಯಾಹ್ನ. ಹೊಸ್ತಿಲಿಗೆ ಅಡ್ಡವಾಗಿ ಕೊಯ್ದ ನಿಂಬೆಹಣ್ಣು, ಕುಂಕುಮ. ಜಗಲಿಯ ಮೇಲೆ ಒಂದು ತಗಡಿನ ಟ್ರಂಕು. ಗೋಡೆ ಬುಡದಲ್ಲಿ ನಾಯಿ ಮಲಗಿತ್ತು. ಅದು ಉಚ್ಚೆ ಹೊಯ್ದ ಜಾಗವೆಲ್ಲ ಕೆಂಪು. ತುಟಿ ಎತ್ತಿ ನೋಡಿದೆ, ವಸಡು ಸುಣ್ಣದ ಹಾಗೆ ಬೆಳ್ಳಗಿತ್ತು.

"ಮಾಟ ಕಣಪ್ಪ," ಅಂದಳು ಮನೆಯ ಯಜಮಾನಿ. "ಮಂತ್ರದೋನು ಬಂದಿದ್ದ. 'ಈ ಮನೇಲಿ ದಿನಾ ಕಣ್ಣೀರಾಕೋರು ಒಬ್ರವ್ರೆ, ನಾಯಿ ರಕ್ತ ಓಯ್ತಿರೋದು ಅವ್ರಿಂದ್ಲೇ' ಅಂದ."

ಎಲ್ಲರ ಕಣ್ಣೂ ಅಡುಗೆಮನೆ ಬಾಗಿಲ ಕಡೆ ಹೊರಳಿತು. ಅಲ್ಲಿ ಸೊಸೆ ನಿಂತಿದ್ದಳು. ಕಣ್ಣು ಕೆಂಡದ ಹಾಗೆ ಕೆಂಪಗಿತ್ತು, ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದಳು. ಟ್ರಂಕು ಅವಳದೇ. ಸಂಜೆ ಗಾಡಿಗೆ ತವರಿಗೆ ಕಳಿಸುವುದೆಂದು ತೀರ್ಮಾನವಾಗಿತ್ತು.

"ನಾಯಿಗೆ ಏನು ಹಾಕ್ತೀರಿ?" ಅಂದೆ.

"ವಡೆ. ನನ್ನ ಮಗ ರೈಲಲ್ಲಿ ವಡೆ ಮಾರ್ತಾನೆ. ಮಿಕ್ಕಿದ್ದು, ಮುರಿದದ್ದು, ಎಚ್ಚಿ ಉಳ್ಕಂಡ ಈರುಳ್ಳಿ, ಎಲ್ಲಾ ಅದ್ಕೇಯ."

"ಈರುಳ್ಳಿ ಹೆಚ್ಚೋರು ಯಾರು?"

"ಅವ್ಳೇ. ಬೆಳಿಗ್ಗೆಯಿಂದ ಒಂದು ಕುಕ್ಕೆ."

ನಾನು ಟ್ರಂಕಿನ ಮೇಲೇ ಕೂತು ಬಿಡಿಸಿ ಹೇಳಿದೆ. ಈರುಳ್ಳಿ ನಮಗೆ ರುಚಿ, ನಾಯಿಗೆ ವಿಷ. ಒಳಗೇ ರಕ್ತ ಒಡೆದುಹೋಗುತ್ತದೆ, ಅದೇ ಕೆಂಪಾಗಿ ಹೊರಗೆ ಬರುವುದು. ಇನ್ನು ಬರಿ ಮುದ್ದೆ, ಮಜ್ಜಿಗೆ ಅನ್ನ, ಈರುಳ್ಳಿಯ ಸಿಪ್ಪೆಯೂ ಬೇಡ. ಕೆಲವು ವಾರ ಕಳೆಯುವುದರಲ್ಲಿ ನಾಯಿ ಎದ್ದು ನನ್ನ ಸೈಕಲ್ಲನ್ನೇ ಅಟ್ಟಿಸಿಕೊಂಡು ಬಂತು.

ಯಜಮಾನಿ ಮಾತ್ರ ಸೋಲಲಿಲ್ಲ. "ಮಂತ್ರದೋನು ಏಳಿದ್ದೇನು ಸುಳ್ಳೇ? ಕಣ್ಣೀರಾಕೋಳಿಂದ್ಲೇ ತಾನೆ ಬಂದದ್ದು?"

ಸೊಸೆ ಈಳಿಗೆಮಣೆಯನ್ನು ಅತ್ತೆಯ ಮುಂದಕ್ಕೆ ಸರಿಸಿದಳು. "ಅಂಗಾರೆ ನಾಳೆಯಿಂದ ನೀವೇ ಅತ್ಬುಡಿ, ಅತ್ತೆಮ್ಮ."

ಶನಿವಾರದ ಉಪವಾಸ

ಹಲಗೂರಿನಿಂದ ಆಚೆ ಒಂದು ಗುಡಿ. ಅದರ ಅಂಗಳದಲ್ಲಿ ಒಂದು ಕರಿ ನಾಯಿ. ಆರು ದಿನ ಪ್ರಸಾದ ತಿನ್ನುವುದು, ಶನಿವಾರ ಮಾತ್ರ ತುತ್ತು ಮುಟ್ಟುತ್ತಿರಲಿಲ್ಲ. ಗರ್ಭಗುಡಿಗೆ ಎದುರಾಗಿ ಕಣ್ಣು ಮುಚ್ಚಿ ಕೂತಿರುತ್ತಿತ್ತು. ಯಾವುದೋ ಹಳೆಯ ಜೀವ ಹರಕೆ ತೀರಿಸಲು ಬಂದಿದೆ ಎಂದು ಜನ ಅದಕ್ಕೆ ಕಾಯಿ ಒಡೆಯಲು ಶುರು ಮಾಡಿದರು. ನನಗೂ ಅದರ ಎದುರು ಚಪ್ಪಲಿ ಹಾಕಿ ನಿಲ್ಲಲು ಅಂಜಿಕೆಯಾಗುತ್ತಿತ್ತು.

ಒಂದು ಶನಿವಾರ ಪೂಜಾರರು ಏದುಸಿರು ಬಿಡುತ್ತಾ ಬಂದರು. "ನಾಯಿಯ ಗಂಟಲಿನಿಂದ ಯಾರೋ ಮನುಷ್ಯರು ನರಳಿದ ಹಾಗೆ ಶಬ್ದ ಬರ್ತಿದೆ. ಭಕ್ತರೆಲ್ಲ ಅಡ್ಡಬಿದ್ದಿದ್ದಾರೆ."

ಹೋಗಿ ಕೇಳಿದೆ. ನಿಜ, ಮುದುಕನೊಬ್ಬ "ಅಯ್ಯಾ, ಅಯ್ಯಾ" ಅಂದ ಹಾಗಿತ್ತು. ಭಕ್ತರನ್ನು ಹೊರಗೆ ಕಳಿಸಿ, ದವಡೆ ಅಗಲಿಸಿ ಚಿಮಟ ಹಾಕಿದೆ. ಬಂತು, ಬೆರಳುದ್ದದ ಕೋಳಿ ಮೂಳೆ. ಬೆಂದ ಮೂಳೆ ಸೀಳಿ ಸೂಜಿಯಾಗುತ್ತದೆ, ನಾಯಿಗೆ ಹಾಕಲೇಬಾರದು. ಶನಿವಾರ ಸಂತೆ, ಸಂತೆಯ ಪಕ್ಕ ಮಿಲಿಟರಿ ಹೋಟೆಲು. ಅಲ್ಲಿ ಬೆಳಿಗ್ಗೆಯೇ ಹೊಟ್ಟೆ ಬಿರಿಯುವಷ್ಟು ತಿಂದು ಬರುತ್ತಿದ್ದ ನಾಯಿಗೆ ಪ್ರಸಾದ ಯಾಕೆ ಬೇಕು? ಕೂತಲ್ಲೇ ನಿದ್ದೆ.

ಪೂಜಾರರು ಮೂಳೆಯನ್ನು ನೋಡಿದರು, ಹೊರಗೆ ಕೈ ಮುಗಿದು ನಿಂತ ಜನರನ್ನು ನೋಡಿದರು. ಆಮೇಲೆ ನನ್ನ ಕಿವಿಯಲ್ಲಿ, "ಕಾಂಪೌಂಡ್ರೇ, ಇದು ಪೂರ್ವಜನ್ಮದ ಮೂಳೆ ಅಂತ ಹೇಳಿಬಿಡೋಣ."

ಸೀಬೆಮರದ ಕೆಳಗೆ

ಮಳವಳ್ಳಿಯಲ್ಲಿ ನಿವೃತ್ತ ಹೆಡ್‌ಮಾಸ್ತರರ ಹೆಂಡತಿಗೆ ನಾನೇ ನಾಯಿ ಬಿಲ್ಲೆ ಮಾಡುವುದನ್ನು ಹೇಳಿಕೊಟ್ಟಿದ್ದೆ. ರಾಗಿ ಹಿಟ್ಟು, ಬೇಯಿಸಿ ಹಿಸುಕಿದ ಸಿಹಿಗುಂಬಳ, ಒಂದು ಚಮಚ ತುಪ್ಪ. ಉಪ್ಪು ಬೆಲ್ಲ ಬೇಡ. ತಟ್ಟಿ, ಹೆಂಚಿನ ಮೇಲೆ ಸಣ್ಣ ಕೆಂಡದಲ್ಲಿ ಒಣಗಿಸಬೇಕು. ಕಡಿದರೆ 'ಕಟುಂ' ಅನ್ನಬೇಕು. ಅವರ ನಾಯಿ ಅದನ್ನು ತಿಂದುಕೊಂಡೇ ಮುದಿಯಾಗಿ, ಸುಖವಾಗಿ ಸತ್ತಿತು.

ತಿಂಗಳ ಮೇಲೆ ಆಕೆ ನನ್ನನ್ನು ಕರೆಸಿದರು. "ಅದು ಬರ್ತಿದೆ," ಅಂದರು, ಸಮಾಧಾನವಾಗಿ. "ಮನಸ್ಸು ತಡೆಯದೆ ದಿನಾ ನಾಲ್ಕು ಬಿಲ್ಲೆ ಸೀಬೆಮರದ ಕೆಳಗೆ ಇಡ್ತೀನಿ. ಮಧ್ಯಾಹ್ನ ಮೂರು ಗಂಟೆಗೆ, ಮರಕ್ಕೆ ಕಟ್ಟಿದ್ದ ಅದರ ಸರಪಳಿ ಅಲ್ಲಾಡುತ್ತೆ. ಕಡಿಯೋ ಸದ್ದು ಕೇಳುತ್ತೆ. ಹೋಗಿ ನೋಡಿದ್ರೆ ತಟ್ಟೆ ಖಾಲಿ. ನೀವೂ ಒಂದ್ಸಲ ಕೇಳಿ."

ಇಬ್ಬರೂ ಅಡುಗೆಮನೆಯ ಕಿಟಕಿ ಹಿಂದೆ ಕೂತೆವು. ಕಿಟಕಿಗೆ ಮರದ ಕೊಂಬೆ ಅಷ್ಟೇ ಕಾಣುತ್ತಿತ್ತು, ಬುಡಕ್ಕೆ ಬಚ್ಚಲುಮನೆ ಮರೆ. ಗಾಳಿ ಇಲ್ಲ, ಎಲೆ ಅಲ್ಲಾಡುತ್ತಿಲ್ಲ. ಮೂರು ಹೊಡೆಯಿತು. ಝಣ್ ಅಂತ ಸರಪಳಿ ಎಳೆದ ಸದ್ದು. ಆಮೇಲೆ, ನಿಧಾನವಾಗಿ, ಕಟುಂ.

"ಕೇಳಿತೇ?" ಅಂದರು ಆಕೆ. ಕಣ್ಣಲ್ಲಿ ನೀರು.

ನಡುಗುತ್ತಲೇ ಬಚ್ಚಲುಮನೆ ಸುತ್ತಿ ಬಂದೆ. ಮರದ ಕೆಳಗೆ ಹೆಡ್‌ಮಾಸ್ತರರು ಕುಕ್ಕರುಗಾಲಲ್ಲಿ ಕೂತಿದ್ದರು. ಕಾಲು ಸರಪಳಿಗೆ ತೊಡರಿಕೊಂಡಿತ್ತು, ಬಾಯಿ ತುಂಬಾ ಬಿಲ್ಲೆ.

"ಸಕ್ಕರೆ ಕಾಯಿಲೆ ಅಂತ ನನಗೆ ಎರಡು ಹೊತ್ತೂ ಗಂಜಿ," ಅಂದರು, ಸಿಟ್ಟಿನಿಂದ. "ಸತ್ತ ನಾಯಿಗೆ ತುಪ್ಪದ ಬಿಲ್ಲೆ! ಇದು ಯಾವ ನ್ಯಾಯ ರೀ?"

ನನ್ನ ಹಿಂದೆಯೇ ಬಂದ ಆಕೆ ಗಂಡನನ್ನು ಮೇಲಿಂದ ಕೆಳಗೆ ಅಳೆದು ನೋಡಿದರು. ನಂತರ ನನ್ನ ಕಡೆ ತಿರುಗಿ, "ಇವರ ತೂಕಕ್ಕೆ ದಿನಕ್ಕೆ ಎಷ್ಟು ಹಾಕಬಹುದು, ಕಾಂಪೌಂಡ್ರೇ?"

ಒಂದು ಗಂಟೆ ತಾಳಿ

ಕೊನೆಯದು ಚಿಕ್ಕರಸಿನಕೆರೆ ಕಡೆಯ ಒಂದು ಹಳ್ಳಿಯಲ್ಲಿ ನಡೆದದ್ದು. ಈಗಲೂ ನೆನೆಸಿಕೊಂಡರೆ ಬೆನ್ನಲ್ಲಿ ಚಳಿ.

ಒಂದೇ ವಾರದಲ್ಲಿ ಆ ಊರಿನ ಐದು ನಾಯಿ ಸತ್ತಿದ್ದವು. ನಾನು ಕಾಲಿಟ್ಟಾಗ ಊರಲ್ಲಿ ಒಂದು ಬೊಗಳಿಕೆ ಇಲ್ಲ. ಹೊಸಬ ಬಂದರೂ ಬೊಗಳದ ಊರನ್ನು ನಾನು ಅದೇ ಮೊದಲು ಕಂಡದ್ದು. ಉಳಿದಿದ್ದದ್ದು ಗೌಡರ ಮನೆಯ ನಾಯಿ ಒಂದೇ. ಅದನ್ನು ಗೌಡತಿ ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

ಕಬ್ಬಿನ ಗದ್ದೆ ಸುತ್ತಿ ನೋಡಿದೆ. ಬದುವಿನ ಉದ್ದಕ್ಕೂ ಸತ್ತ ಇಲಿಗಳು. ಯಾರೋ ಇಲಿಪಾಷಾಣ ಇಟ್ಟಿದ್ದರು, ಆ ಇಲಿಗಳನ್ನು ತಿಂದ ನಾಯಿಗಳೂ ಹೋಗಿದ್ದವು. "ಇಲಿಗಳನ್ನೆಲ್ಲ ಆಳವಾಗಿ ಹೂಳಿ, ನಾಯಿಯನ್ನು ಕಟ್ಟಿಹಾಕಿ ಮನೆಯಲ್ಲೇ ಹೊಟ್ಟೆ ತುಂಬಿಸಿ," ಅಂದೆ. ಗೌಡತಿಯ ಒಲೆಯಲ್ಲೇ ಬಿಲ್ಲೆ ಮಾಡಿಯೂ ತೋರಿಸಿದೆ. ರಾಗಿ ಹಿಟ್ಟಿಗೆ ಎರಡು ಮೊಟ್ಟೆ, ಅಷ್ಟೇ.

ನಾಯಿಗೆ ಕೊಡಲು ಹೋದರೆ ಗೌಡರು ನನ್ನ ಕೈ ಹಿಡಿದರು. "ತಾಳಿ. ಊರ ನಾಯೆಲ್ಲಾ ಕೊಲ್ಸಾಕೆ ಗೌರ್ಮೆಂಟೋರು ಔಸ್ದಿ ಆಕಿಸ್ತಾವ್ರೆ ಅಂತ ಸುದ್ದಿ ಅದೆ. ಮೊದ್ಲು ನೀವು ತಿನ್ನಿ."

ನಾಲ್ಕು ತಿಂದೆ.

"ಸರಿ. ಒಂದ್ಗಂಟೆ ನೋಡುವ."

ಜಗಲಿಯ ಕಂಬಕ್ಕೆ ಒರಗಿ ಕೂತೆ. ಒಬ್ಬೊಬ್ಬರಾಗಿ ಊರಿನ ಜನವೆಲ್ಲ ಬಂದು ಸುತ್ತ ಕೂತರು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕೆಮ್ಮಿದರೆ ಇಡೀ ಗುಂಪು ಹಿಂದಕ್ಕೆ ಸರಿಯುತ್ತಿತ್ತು.

"ಮಕ್ಳೆಷ್ಟಪ್ಪ?" ಅಂದಳು ಒಬ್ಬ ಮುದುಕಿ.

"ಎರಡು, ಅಜ್ಜಿ."

ಲೊಚಗುಟ್ಟಿದಳು. "ಚಿಕ್ಕೋವೇನೋ, ಪಾಪ."

ಹಿಂದಿನಿಂದ ಒಬ್ಬ ಮೆಲ್ಲಗೆ, "ಅಷ್ಟು ದೂರಕ್ಕೆ ಗಾಡಿ ಕಟ್ಬೇಕಾಯ್ತದೆ ಕಣ್ಲಾ," ಅಂದ. ಇನ್ನೊಬ್ಬ, "ಎತ್ತು ನಂದಾಗ್ಲಿ, ಗಾಡಿ ನಿಂದಾಗ್ಲಿ ಬುಡು," ಅಂದ.

ಕೈ ಹಾಕಿ ಹಿಟ್ಟು ಕಲಸಿದವನು ನಾನೇ, ಆದರೂ ನನಗೇ ಅನುಮಾನ ಬಂತು. ಆದರೆ ಬೆಳಗಿನಿಂದ ಸೈಕಲ್ ತುಳಿದ ಮೈ, ಜಗಲಿಯ ನೆರಳು. ಯಾವಾಗ ಕಣ್ಣು ಮುಚ್ಚಿತೋ ಗೊತ್ತಿಲ್ಲ.

ಎಚ್ಚರವಾದದ್ದು ಹೆಂಗಸರ ಅಳುವಿಗೆ. ಕಣ್ಣು ಬಿಟ್ಟರೆ ಎಲ್ಲ ಬಿಳಿ. ಮುಖದ ಮೇಲೆ ಪಂಚೆ ಹೊದಿಸಿದ್ದರು. ತಲೆಯ ಹತ್ತಿರ ಎಣ್ಣೆ ದೀಪದ ವಾಸನೆ. ಗಾಡಿಯ ಚಕ್ರ ಬಾಗಿಲಿಗೆ ಬಂದ ಸದ್ದು. ಮೂಗಿನ ಹತ್ತಿರ ಕೈ ಹಿಡಿದು ನೋಡುವ ಧೈರ್ಯ ಇಡೀ ಊರಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಒಂದು ಗಳಿಗೆ ನಾನು ನಿಜವಾಗಿಯೂ ಸತ್ತೇ ಹೋದೆ ಅಂದುಕೊಂಡೆ. ಹೆಂಡತಿಗೆ ಏನು ಹೇಳುವುದು ಅಂತಲೂ ಯೋಚಿಸಿದೆ.

ಪಂಚೆ ಸಮೇತ ಎದ್ದು ಕೂತೆ.

ಆಮೇಲೆ ನಡೆದದ್ದನ್ನು ವರ್ಣಿಸಲಾರೆ. ಮಕ್ಳೆಷ್ಟು ಅಂತ ಕೇಳಿದ ಅಜ್ಜಿಯೇ ಎಲ್ಲರಿಗಿಂತ ಮುಂದೆ ಓಡಿದಳು. ಒಬ್ಬ ಹುಲ್ಲಿನ ಮೆದೆಗೆ ಹಾರಿದ. ಎತ್ತುಗಳು ಖಾಲಿ ಗಾಡಿ ಎಳೆದುಕೊಂಡು ಹೋದವು. ಕಣ್ಣು ಮಿಟುಕಿಸುವುದರಲ್ಲಿ ಅಂಗಳ ಬರಿದು.

ಉಳಿದವರು ಗೌಡರೊಬ್ಬರೇ. ಮಂಡಿನೋವು, ಏಳಲಾಗಲಿಲ್ಲ. ಗಡಗಡ ನಡುಗುತ್ತಾ, ನನ್ನ ಮೇಲಿನ ಕಣ್ಣು ಕೀಳದೆ, ಒಳಮನೆಯ ಕಡೆ ಕೂಗಿದರು:

"ಲೇ ಇವಳೇ! ಎದ್ದವ್ನೆ! ಇನ್ನು ನಾಯ್ಗೆ ಆಕ್ಬೋದು ಬಾ!"